ಸಾವ್ಕಾರರ ಹೊಸ್ತಿಲು

ಶಿರಹಟ್ಟಿ ಕಡೆ ಮೊಟ್ಟಮೊದಲು ಕಟ್ಟಿಗೆ ಕೊಯ್ಯುವ ಮಿಲ್ಲು ಹಾಕಿದ ಸಾವ್ಕಾರರ ಬಗ್ಗೆ ಬರೆಯಲು ಬೆಳ್ಳಟ್ಟಿಗೆ ಹೋಗಿದ್ದೆ. ಸುತ್ತಲಿನ ಚಕ್ಕಡಿ, ಶಾಲೆಯ ಬಾಗಿಲು ಎಲ್ಲ ಅವರ ಹಲಗೆಯಿಂದಲೇ ಆದವಂತೆ. ಮಿಲ್ಲಿದ್ದ ಜಾಗದಲ್ಲಿ ಈಗ ಬರೀ ಜಾಲಿ. ಪುತ್ಥಳಿ ಬೇಡ, ಅವರ ಹೆಸರಿನ ಒಂದು ಹಲಗೆಯಾದರೂ ಬೇಡವೇ? ಬೇಸರದಿಂದ ಎದುರು ಮನೆಯ ಬಾಗಿಲಲ್ಲಿ ನಿಂತು ಒಳಗಿದ್ದ ಅಜ್ಜಿಯನ್ನು ಕೇಳಿದೆ.

“ಯವ್ವಾ, ಸಾವ್ಕಾರ್ರದು ಏನರ ಉಳದೈತೇನು?”

“ಮೊದಲ ಹೊಸ್ತಿಲದ ಮ್ಯಾಲಿಂದ ಇಳೀರಿ!”

ಇಳಿದೆ. ಅಜ್ಜಿಯ ದನಿ ತಗ್ಗಿತು.

“ಯಾರು ಮನಿ ಕಟ್ಟಿದ್ರೂ ಹೊಸ್ತಿಲದ ಕಟಗಿ ಸಾವ್ಕಾರ್ರು ಪುಕ್ಕಟ ಕೊಡ್ತಿದ್ರು. ಈ ಮನಿ ಎರಡ ಸಲ ಕೆಡವಿ ಕಟ್ಟೇವಿ. ಹೊಸ್ತಿಲ ಮಾತ್ರ ಅದ ಐತಿ. ದಿನಾ ಪೂಜಿ ಮಾಡ್ತೀನಿ.”

ಫೋಟೊ ತೆಗೆಯಲು ಬಗ್ಗಿದೆ. ಮುಂಜಾನೆಯ ಅರಿಶಿನ ಇನ್ನೂ ಹಸಿಯಾಗಿತ್ತು. ಅದರ ಮೇಲೆ ನನ್ನ ಬೂಟಿನ ಅಚ್ಚು ಚೆನ್ನಾಗಿ ಮೂಡಿತ್ತು.