ಹೊಸಬರಿಗೆ ಮೊದಲ ಚಹಾ

ದನಿ ಸಣ್ಣ ಮಾಡೇ ಹೇಳತೀನಿ, ನಿಮ್ಮೊಳಗೇ ಇಟ್ಕೋರಿ. ನಮ್ಮ ಬಾಜೂ ಖೋಲಿ ಕಮಲವ್ವ ಪ್ರತಿ ರವಿವಾರ ಇಸ್ತ್ರಿ ಸೀರಿ ಉಟ್ಟು ಎಲ್ಲಿಗೋ ಹೋಗತಿದ್ಲು. ಇಡೀ ಚಾಳಿನ ಸುದ್ದಿ ಬಲ್ಲ ನನಗ ಇದೊಂದು ಗೊತ್ತಿಲ್ಲ ಅಂದ್ರ ಹ್ಯಾಂಗ? ಹಿಂದ ಹಿಂದ ಹೋದೆ. ಆಂಟಾಪ್ ಹಿಲ್ಲಿನ ಒಂದು ಕನ್ನಡ ಚರ್ಚಿನೊಳಗ ಹೊಕ್ಕಳು. ಸಿಕ್ಕಳು ಅಂತ ನಾನೂ ಹೊಕ್ಕು ಕಂಬದ ಮರಿಗೆ ಕುಂತೆ.

ಬಾಗಿಲ ಕಾಯೋ ಹೆಣ್ಣಮಗಳು ಬಿಡಬೇಕಲ್ಲ. ಕೈ ಹಿಡದು ತಂದು ಮುಂದಿನ ಸಾಲಿನಾಗ ಕೂಡಿಸಿದಳು. ಪ್ರಾರ್ಥನಾ ಮುಗಿದ ಮ್ಯಾಲೆ ಪಾದ್ರಿಗಳು, "ಇವತ್ತ ಹೊಸದಾಗಿ ಬಂದವರು ಎದ್ದು ನಿಲ್ರಿ" ಅಂದ್ರು. ನಾ ಸೆರಗ ಎಳಕೊಂಡು ಕುಂತೆ. ಆ ಬಾಗಿಲಾಕಿ ಎಬ್ಬಿಸೇ ಬಿಟ್ಟಳು. ಎಲ್ಲಾರೂ ಚಪ್ಪಾಳಿ ಬಡದ್ರು. ನನ್ನ ಮದವ್ಯಾಗೂ ಅಷ್ಟು ಮಂದಿ ನನ್ನ ನೋಡಿದ್ದಿಲ್ಲ.

ಹೊಸಬರಿಗೆ ಅಲ್ಲಿ ಮೊದಲ ಚಹಾ. ಟ್ರೇ ಹಿಡಕೊಂಡು ಬಂದಾಕಿ ಯಾರಂತೀರಿ? ಕಮಲವ್ವ.

"ಏನವಾ, ಇಲ್ಲಿಗೆ ಕದ್ದು ಬರ್ತೀ?" ಅಂತ ನಾನೇ ಮೊದಲು ಕೇಳಿದೆ.

ಆಕಿ ಕಪ್ಪು ನನ್ನ ಕೈಯಾಗಿಟ್ಟು ಅಂದ್ಲು, "ಕದ್ದು ಬಂದಾಕಿ ನೀನಕ್ಕಾ. ನಾ ಚಾಳಿಗೆ ಹೊಸದಾಗಿ ಬಂದ ದಿನ ನೀ ಕಿಡಕ್ಯಾಗ ನಿಂತು ನನ್ನ ಸಾಮಾನು ಎಣಿಸಿದಿ. ಒಳಗ ಕರದು ಚಹಾ ಕೊಟ್ಟವರು ಈ ಮಂದಿ. ಕುಡಿ, ಆರತದ."