ಟವಲ್ ಹಾಕಿದ ಸೀಟು

ಹಡಗಲಿಯಾಗ ಬೇಸ್‌ಬಾಲ್ ಪಂದ್ಯ ಮುಗಿಸಿಕೊಂಡು ಕೊಟ್ಟೂರಿನ ಬಸ್ಸಿಗೆ ನಿಂತಿದ್ವಿ. ಮೊಮ್ಮಗಳು ಕವಿತಾ ಅತ್ತೂ ಅತ್ತೂ ಮುಖ ತೊಳಕೊಳ್ಳಾಕ ಹೋಗಿದ್ಲು. ಎದುರು ತಂಡದ ಹುಡುಗಿ ಓಡಿ ಬರೋ ದಾರ್ಯಾಗ ಇಕಿ ಅಡ್ಡ ನಿಂತ್ಲಂತ ಅಂಪೈರು ಆಕಿಗೆ ರನ್ನು ಕೊಟ್ಟಿದ್ರು. ಅದೊಂದು ರನ್ನಿಗೇ ನಮ್ಮೋರು ಸೋತಿದ್ರು.

ಬಸ್ಸು ಬಂದ ಕೂಡ್ಲೆ ಕಿಟಕಿಯಾಗಿಂದ ಟವಲ್ ಎಸೆದು ಎರಡು ಸೀಟು ಹಿಡಿದೆ. ಹತ್ತಿ ಕುಂತು ನೋಡಿದ್ರ, ಪಕ್ಕದಾಗ ಅದೇ ಅಂಪೈರು ನಿಂತಾರ.

"ಇಲ್ಲಿ ಯಾರರ ಅದಾರೇನ್ರಿ ಅಜ್ಜಿ?"

"ಮೊಮ್ಮಗಳು ಬರ್ತಾಳ. ನೀವು ಅಡ್ಡ ನಿಂತ್ಲು ಅಂದ್ರಲ್ಲ, ಆಕೀನ."

ಅವರು ನಕ್ಕರು. "ಕೈಯಾಗ ಚೆಂಡಿಲ್ದ ಓಡೋರ ದಾರ್ಯಾಗ ನಿಲ್ಲಂಗಿಲ್ಲ ಅಜ್ಜಿ. ಅದು ರೂಲ್ಸು."

"ಚೆಂಡು ಬರಾಕ ಹತ್ತಿತ್ತಲ್ರಿ."

"ಬರಾಕ ಹತ್ತಿದ್ದು ಲೆಕ್ಕಕ್ಕಿಲ್ಲ. ಕೈಯಾಗ ಇರಬೇಕು."

"ಹಂಗಾದ್ರ ನನ್ನ ಮೊಮ್ಮಗಳೂ ಇನ್ನೂ ಬಂದಿಲ್ಲ. ಟವಲ್ ತೆಗೆದು ಕುಂದರ್ರಿ ನೋಡೋಣು."

ಅವರು ಟವಲ್ ನೋಡಿದ್ರು, ನನ್ನ ಮುಖ ನೋಡಿದ್ರು, ಆಮ್ಯಾಲ ಕಂಬಿ ಹಿಡಕೊಂಡು ನಿಂತ್ರು.

ಕವಿತಾ ಬಂದು ಕುಂತ್ಲು. ಬಸ್ಸು ಹೊಂಟ ಮ್ಯಾಲ ನನ್ನ ಕಿವಿಯಾಗ ಅಂದ್ಲು, "ಅಜ್ಜಿ, ಅವರು ರನ್ನು ಕೊಟ್ಟಿದ್ದು ಸರಿ ಐತಿ. ನಾನು ಬೇಕಂತಲೇ ಅಡ್ಡ ನಿಂತಿದ್ದೆ."

"ಸುಮ್ನಿರು, ಅವರು ಇಳೀಲಿ, ಆಮ್ಯಾಲ ಬೈತೀನಿ," ಅಂದೆ.

ಅವರ ಟಿಕೆಟ್ಟೂ ಕೊಟ್ಟೂರಿಗೇ ಇತ್ತು.