ಸುಣ್ಣ ಬಳಿದ ಹನ್ನೊಂದು ಮರಗಳು

ಹುಚ್ಚರಂಗಯ್ಯನವರಿಗೆ ಈಗ ಅರವತ್ತನಾಲ್ಕು. ಹಂದನಕೆರೆ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ ತೆಂಗಿನ ಮರ ಹತ್ತಲು ಶುರುಮಾಡಿ, ಐವತ್ತೆರಡಕ್ಕೆ ಮಂಡಿ ಸವೆದು ಇಳಿದರು. ಆಮೇಲಿನಿಂದ ಶೆಟ್ಟಿಕೆರೆ ಹತ್ತಿರದ ಒಂದು ತೋಟದಲ್ಲಿ ಕಾವಲುಗಾರರು. ತೋಟ ಒಂದು ಕ್ರೈಸ್ತ ಟ್ರಸ್ಟಿನದು. ನಡುವೆ ಹೆಂಚಿನ ದೊಡ್ಡ ಮನೆ, ಸಭೆ ಸೇರಲು ಹಜಾರ. ವರ್ಷಕ್ಕೆ ನಾಲ್ಕೈದು ಬಾರಿ ಯಾವುದಾದರೂ ಕಾಲೇಜಿನವರು ಶುಕ್ರವಾರ ಬಂದು, ಪ್ರಾರ್ಥನೆ, ಹಾಡು, ಉಪನ್ಯಾಸ ಮುಗಿಸಿ ಭಾನುವಾರ ಹೋಗುತ್ತಾರೆ. ಅದನ್ನು ರಿಟ್ರೀಟ್ ಎನ್ನುತ್ತಾರೆ. ಹುಚ್ಚರಂಗಯ್ಯ ‘ಕಾಲೇಜು ಮಕ್ಕಳ ಬಿಡಾರ’ ಎನ್ನುತ್ತಾರೆ. ಅಡುಗೆ ಅವರ ಹೆಂಡತಿ ಸಿದ್ದಮ್ಮನವರದು.

ಈ ಸೀಮೆಯಲ್ಲಿ ಕೊಬ್ಬರಿಗೆಂದು ಬೆಳೆಯುವ ಕಾಯನ್ನು ಎಳನೀರಿನ ಹಂತದಲ್ಲಿ ಕೀಳುವುದಿಲ್ಲ. ಮರದಲ್ಲೇ ಪೂರ್ತಿ ಬಲಿಯಲು ಬಿಡುತ್ತಾರೆ. ಬಲಿತ ಕಾಯಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ಯಾವ ಗೊನೆಯ ತೊಟ್ಟು ಸಡಿಲವಾಗಿದೆ, ಯಾವ ಕಾಯನ್ನು ಅಳಿಲು ಕೊರೆದಿದೆ, ಯಾವ ಒಣಗರಿ ಇವತ್ತೋ ನಾಳೆಯೋ ಕಳಚಲಿದೆ ಎಂಬುದನ್ನು ಹುಚ್ಚರಂಗಯ್ಯ ನೆಲದಲ್ಲಿ ನಿಂತೇ ಹೇಳಬಲ್ಲರು. ಈ ವಿದ್ಯೆಯನ್ನು ಅವರು ಒಂದೇ ಒಂದು ದಿನ ಮರೆತಿದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ, ಬುತ್ತಿ ತಂದ ಸಿದ್ದಮ್ಮನವರಿಗೆ ‘ಇಲ್ಲಿ ನೆರಳೈತೆ, ಕೂತ್ಕೊ’ ಎಂದು ಅವರೇ ಜಾಗ ತೋರಿಸಿದರು. ಕಾಯಿ ಭುಜದ ಮೇಲೆ ಬಿತ್ತು. ಸಿದ್ದಮ್ಮನವರ ಬಲಗೈ ಇಂದಿಗೂ ಭುಜದಿಂದ ಮೇಲಕ್ಕೆ ಏಳುವುದಿಲ್ಲ.

ಕಳೆದ ವರ್ಷ ಬಂದ ಕ್ರಿಶ್ಚಿಯನ್ ಕಾಲೇಜಿಗೆ ಹೊಸ ಚಾಪ್ಲಿನ್, ಅಂದರೆ ಕಾಲೇಜಿನ ಪಾದ್ರಿ. ಹೆಸರು ಜ್ಞಾನಮಿತ್ರ, ವಯಸ್ಸು ಮೂವತ್ತೈದರ ಆಸುಪಾಸು. ಹಿಂದಿನವರು ಮಕ್ಕಳನ್ನು ಹಜಾರದಲ್ಲೇ ಕೂರಿಸುತ್ತಿದ್ದರು. ಇವರಿಗೆ ತೋಟ ಬೇಕೆನಿಸಿತು. ಶುಕ್ರವಾರ ಸಂಜೆ ಬಂದಕೂಡಲೇ ಹುಚ್ಚರಂಗಯ್ಯನವರನ್ನು ಕರೆದು ಹೇಳಿದರು: “ನಾಳೆ ಬೆಳಗಾದಾಗಿಂದ ಮಧ್ಯಾಹ್ನದವರೆಗೆ ಮೌನ. ನೀವಿಬ್ಬರೂ ಅಷ್ಟೇ. ತಿಂಡಿ ಆದಮೇಲೆ ಒಬ್ಬೊಬ್ಬರೂ ಒಂದೊಂದು ಮರದ ಕೆಳಗೆ ಬೈಬಲ್ ಹಿಡಿದು ಒಂದು ಗಂಟೆ ಕೂರ್ತಾರೆ.”

“ಮರದ ಕೆಳಗಾ ಸ್ವಾಮಿ?”

“ಹೌದು. ದೇವರ ಜೊತೆ ಒಬ್ಬರೇ ಇರೋದಕ್ಕೆ.”

ಪಾದ್ರಿಗಳು ಆಗಲೇ ಗಿಟಾರ್ ಇಳಿಸುವವರ ಕಡೆ ತಿರುಗಿದ್ದರು. ಕಾಯಿಯ ಫಸಲು ವ್ಯಾಪಾರಿಯೊಬ್ಬರ ಗುತ್ತಿಗೆಯಲ್ಲಿತ್ತು. ಕೀಳುವವರು ಬರುವುದು ಇನ್ನೂ ಐದು ದಿನಕ್ಕೆ. ಹುಚ್ಚರಂಗಯ್ಯ ಹೊತ್ತು ಮುಳುಗುವುದರೊಳಗೆ ನೂರ ನಲವತ್ತು ಮರಗಳನ್ನೂ ತಲೆಯೆತ್ತಿ ನೋಡಿದರು. ಹನ್ನೊಂದು ಮರ ಅಪಾಯದವು. ಅವುಗಳ ಬುಡಕ್ಕೆ ಸುಣ್ಣ ಬಳಿದರು. ಸುಣ್ಣ ಬಳಿದ ಮರದ ಕೆಳಗೆ ಹೋಗಬಾರದೆಂದು ಆ ತೋಟಕ್ಕೆ ಬರುವ ಕೂಲಿಯವರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತು ಎಂದುಕೊಂಡದ್ದೇ ಅವರ ತಪ್ಪು.

ಶನಿವಾರ ತಿಂಡಿಯ ಹೊತ್ತಿಗೆ ಮೊಸರು ತರಲು ಅವರು ಶೆಟ್ಟಿಕೆರೆಗೆ ಹೋದರು. ಹಿಂತಿರುಗಿದಾಗ ನಲವತ್ತು ವಿದ್ಯಾರ್ಥಿಗಳು ತೋಟದಲ್ಲಿ ಹರಡಿ ಕೂತಿದ್ದರು. ಮೊದಲು ಹೊರಟ ಹನ್ನೊಂದು ಮಂದಿ, ಬಿಳಿಯ ಗುರುತು ತಮಗಾಗಿಯೇ ಇದೆಯೆಂದು ತಿಳಿದು, ಸುಣ್ಣ ಬಳಿದ ಮರಗಳನ್ನೇ ಹಿಡಿದಿದ್ದರು.

ಹುಚ್ಚರಂಗಯ್ಯ ಕೂಗಲಿಲ್ಲ. ಮೌನದ ನಿಯಮಕ್ಕಾಗಿ ಅಲ್ಲ. ಕೂಗಿದರೆ ಕೂತವರು ಮೊದಲು ಮಾಡುವ ಕೆಲಸ ಮೇಲೆ ನೋಡುವುದು; ಆಗ ಕಾಯಿ ಬಿದ್ದರೆ ಮುಖಕ್ಕೇ. ಮೊಸರಿನ ಕ್ಯಾನನ್ನು ಬದುವಿನ ಮೇಲಿಟ್ಟು, ಒಂದು ತುದಿಯಿಂದ ಹೊರಟರು. ಕಣ್ಣು ಮುಚ್ಚಿದ್ದ ಹುಡುಗರನ್ನು ಕೈ ಹಿಡಿದು ಎಬ್ಬಿಸಿ, ತಲೆಯ ಮೇಲೆ ಅಂಗೈ ಒತ್ತಿ, ಬಗ್ಗಿಸಿಕೊಂಡೇ ಬೇರೆ ಮರಕ್ಕೆ ಕರೆದೊಯ್ದು ಕೂರಿಸಿದರು. ಹುಡುಗಿಯರ ಮುಂದೆ ಕೋಲಿನಿಂದ ನೆಲ ತಟ್ಟಿ ಸನ್ನೆ ಮಾಡಿದರು. ಇದೂ ಕಾರ್ಯಕ್ರಮದ ಒಂದು ಭಾಗವೆಂಬಂತೆ ಹತ್ತು ಮಂದಿ ಎದ್ದು ಹೋದರು. ಹನ್ನೊಂದನೆಯವಳು ನಿಸರ್ಗ, ಎರಡನೆಯ ವರ್ಷದ ಬಿ.ಎಸ್ಸಿ. ಅವಳು ಕೂತಿದ್ದುದು ಎಲ್ಲಕ್ಕಿಂತ ಕೆಟ್ಟ ಮರದ ಕೆಳಗೆ. ಕಣ್ಣು ಬಿಟ್ಟಳು, ತುಟಿಯ ಮೇಲೆ ಬೆರಳಿಟ್ಟಳು, ಮತ್ತೆ ಕಣ್ಣು ಮುಚ್ಚಿದಳು.

“ಏಳವ್ವ,” ಎಂದರು ಹುಚ್ಚರಂಗಯ್ಯ.

“ಮಾತಾಡಂಗಿಲ್ಲ ತಾತ,” ಎಂದು ಪಿಸುಗುಟ್ಟಿದಳು.

“ನಾನ್ ಮಾತಾಡ್ತೀನಿ ಬುಡು. ನೀನು ಎದ್ರೆ ಸಾಕು.”

“ಜಾಗ ಬಿಡ್ಬೇಡಿ ಅಂದಿದಾರೆ ಸರ್. ನಮಗೇಂತ ಗುರುತು ಬೇರೆ ಮಾಡಿದಾರೆ.”

“ಗುರುತು ಮಾಡ್ದೋನು ನಾನೇ ಕಣವ್ವ. ಕೂತ್ಕಬ್ಯಾಡಿ ಅಂತ ಮಾಡಿದ್ದು.”

ಅವಳು ತಲೆಯೆತ್ತಲು ಹೋದಳು. ಹುಚ್ಚರಂಗಯ್ಯ ಕೋಲನ್ನು ಅವಳ ಹಣೆಗೆ ಅಡ್ಡ ಹಿಡಿದರು.

“ಮ್ಯಾಲೆ ನೋಡ್ಬೇಡ. ನೆಲ ನೋಡ್ಕಂಡು ಬಾ.”

ಅವಳು ಬಂದಳು. ಯಾವ ಕಾಯಿಯೂ ಬೀಳಲಿಲ್ಲ. ಇಂಥ ಕಥೆಗಳಲ್ಲಿ ಬೀಳಿಸುವ ಅಭ್ಯಾಸವಿದೆ, ಅದಕ್ಕೆ ಸ್ಪಷ್ಟವಾಗಿ ಹೇಳುತ್ತಿದ್ದೇನೆ.

ಮೌನ ಮುಗಿದ ಮೇಲೆ ವಿಷಯ ತಿಳಿದು ಪಾದ್ರಿಗಳು ಅಡುಗೆಮನೆಗೆ ಬಂದು ಕೇಳಿದರು: “ಮೊದಲೇ ಹೇಳಬಾರದಿತ್ತೇನಯ್ಯ?”

“ನೀವು ಗಿಟಾರ್ ಕಡೆ ಹೋದ್ರಿ. ಬೆಳಗಾದ್ರೆ ಮಾತಾಡಂಗಿಲ್ಲ ಅಂದ್ರಿ.”

“ಜೀವದ ವಿಷಯಕ್ಕೂ?”

“ಅದ್ಕೇಯ ಸುಣ್ಣ ಬಳ್ದಿದ್ದು.”

ಎಡಗೈಯಲ್ಲಿ ಸಾರು ತಿರುವುತ್ತಿದ್ದ ಸಿದ್ದಮ್ಮ, “ಓದ್ದೋರು ಕಣ್ರೀ ಅವು. ಬರೆದು ನೇತಾಕಿದ್ರೆ ಓದ್ಕತಿದ್ವು. ಇವ್ರು ದನ ಕಾಯೋರ್ಗೆ ಹಾಕ್ದಂಗೆ ಸುಣ್ಣ ಹಾಕವ್ರೆ,” ಎಂದರು. ಹುಚ್ಚರಂಗಯ್ಯ ಒಪ್ಪಿಕೊಂಡರು.

ಊಟಕ್ಕೆ ಬಂದ ನಿಸರ್ಗ ಕೆಣಕಿದಳು: “ಏನೂ ಬೀಳ್ಲೇ ಇಲ್ವಲ್ಲ ತಾತ.”

“ಬಿದ್ದಿದ್ರೆ ನೀನು ಹಿಂಗೆ ಕೇಳ್ತಿರ್ಲಿಲ್ಲ.”

ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಪ್ರತಿಯೊಬ್ಬರೂ ತಮ್ಮ ಅನುಭವ ಹೇಳಬೇಕಿತ್ತು. ಭುವನ್ ಎಂಬ ಹುಡುಗ ಎದ್ದುನಿಂತು, ಮೌನದಲ್ಲಿ ಕಣ್ಣು ಮುಚ್ಚಿದ್ದಾಗ ಒಂದು ಕೈ ತನ್ನನ್ನು ಎಬ್ಬಿಸಿ ನಡೆಸಿತು, ಆ ಕೈ ಯಾರದೆಂದು ಕಣ್ಣು ಬಿಟ್ಟು ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ ಎಂದ. ಇನ್ನಿಬ್ಬರು ತಮಗೂ ಹಾಗೇ ಆಯಿತೆಂದರು. ಕೆಲವರ ಕಣ್ಣು ಒದ್ದೆಯಾಗಿತ್ತು. ಆ ಮಾತನ್ನು ಹಾಗೇ ಬಿಟ್ಟಿದ್ದರೆ ಜ್ಞಾನಮಿತ್ರ ಅವರ ರಿಟ್ರೀಟಿಗೆ ಒಳ್ಳೆಯ ಹೆಸರು ಬರುತ್ತಿತ್ತು. ಅವರು ಬಿಡಲಿಲ್ಲ. ಅಡುಗೆಮನೆಯಿಂದ ಹುಚ್ಚರಂಗಯ್ಯನವರನ್ನು ಕರೆಸಿ, ನಡೆದದ್ದನ್ನು ಹೇಳಿ, “ಆ ಕೈ ಇವರದು,” ಎಂದರು. ನೀವೂ ಎರಡು ಮಾತಾಡಿ ಎಂದು ಕೇಳಿದರು.

ಹುಚ್ಚರಂಗಯ್ಯ ಕೈಯನ್ನು ಟವೆಲಿಗೆ ಒರೆಸಿಕೊಂಡರು.

“ಹೊರಡೋ ತಂಕ ಆ ಮರಗಳ ತಾವ ಹೋಗ್ಬೇಡ್ರಪ್ಪ. ಕಾಯಿ ಇನ್ನೂ ಮ್ಯಾಲೇ ಅವೆ.”